ಕೈದಿ ಯಾರ ಸುಪರ್ದಿಗೆ?

1944ರ ಏಪ್ರಿಲ್ 6. ಜರ್ಮನಿಯ ಸಾಗನ್ ಎಂಬ ಊರಿನ ಪಕ್ಕದಲ್ಲಿದ್ದ ಯುದ್ಧಕೈದಿಗಳ ಶಿಬಿರ. ಅಲ್ಲಿದ್ದ ಬ್ರಿಟಿಷ್ ಕೈದಿಗಳಿಗೆಲ್ಲ ಹಿರಿಯ ಅಧಿಕಾರಿ ಗ್ರೂಪ್ ಕ್ಯಾಪ್ಟನ್ ಹರ್ಬರ್ಟ್ ಮ್ಯಾಸಿ. ಕಾಲಿನ ಗಾಯದಿಂದ ಕುಂಟುತ್ತಿದ್ದ ಅವರನ್ನು ಶಿಬಿರದ ಹಂಗಾಮಿ ಮುಖ್ಯಸ್ಥ ಕರ್ನಲ್ ಬ್ರೌನೆ ತನ್ನ ಕಚೇರಿಗೆ ಕರೆಸಿಕೊಂಡ. ಎರಡು ವಾರದ ಹಿಂದೆ ಸುರಂಗ ಕೊರೆದು ಓಡಿಹೋದವರಲ್ಲಿ 41 ಮಂದಿ, ಮತ್ತೆ ಸಿಕ್ಕಿಬಿದ್ದ ಮೇಲೆ ತಪ್ಪಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದರೆಂದು ತಿಳಿಸಿದ. ಮ್ಯಾಸಿ ಒಂದು ಪ್ರಶ್ನೆ ಕೇಳಿದರು: ಗಾಯಗೊಂಡವರು ಎಷ್ಟು ಜನ? ಯಾರೂ ಇಲ್ಲ ಎಂಬ ಉತ್ತರ ಬಂತು.

ಲೆಕ್ಕ ಬಲ್ಲ ಯಾರಿಗಾದರೂ ಇಷ್ಟೇ ಸಾಕು. ಓಡುವವರ ಮೇಲೆ ದೂರದಿಂದ ಗುಂಡು ಹಾರಿಸಿದರೆ ಕೆಲವು ಗುರಿ ತಪ್ಪುತ್ತವೆ, ಕೆಲವು ಕೈಕಾಲಿಗೆ ತಗಲುತ್ತವೆ. 41 ಜನರಲ್ಲಿ ಒಬ್ಬರೂ ಗಾಯಾಳುವಾಗದೆ ಎಲ್ಲರೂ ಸತ್ತರೆಂದರೆ ಅದು ಓಟವಲ್ಲ, ಕೊಲೆ. ಸತ್ತವರ ಸಂಖ್ಯೆ ಮುಂದೆ 50ಕ್ಕೆ ಏರಿತು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಸುದ್ದಿ ಹೇಳಿದ ಬ್ರೌನೆಯಾಗಲಿ, ಅವನ ಕಾವಲುಗಾರರಾಗಲಿ ಕೊಂದವರಲ್ಲ. ಶಿಬಿರ ಜರ್ಮನ್ ವಾಯುಪಡೆಯದು, ಅಂದರೆ ಲುಫ್ಟ್‌ವಾಫೆಯದು. ಕೊಂದದ್ದು ಗೆಸ್ಟಾಪೊ ಎಂಬ ಗುಪ್ತ ಪೊಲೀಸ್ ಇಲಾಖೆ. ವಾಯುಪಡೆಯ ಕೈದಿಗಳು ಪೊಲೀಸರ ಕೈಗೆ ಹೋದದ್ದು ಹೇಗೆ? ಹೋದಾಗ ಯಾರೂ ಏಕೆ ಕೇಳಲಿಲ್ಲ?

ಯುದ್ಧಕೈದಿಗಳ ಬಗ್ಗೆ 1929ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವಾಗಿತ್ತು. ಜರ್ಮನಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಕೈದಿಗೆ ಊಟ, ಬಟ್ಟೆ, ಅಂಚೆ ಇತ್ಯಾದಿ ಬಗ್ಗೆ ಅದರಲ್ಲಿ ಹೇಳಿರುವುದು ಅನೇಕರಿಗೆ ಗೊತ್ತು. ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ವಾಕ್ಯ ಎರಡನೆಯ ವಿಧಿಯಲ್ಲೇ ಇದೆ. ಯುದ್ಧಕೈದಿಯು ಶತ್ರು ಸರ್ಕಾರದ ಅಧೀನದಲ್ಲಿರುತ್ತಾನೆಯೇ ಹೊರತು, ಅವನನ್ನು ಹಿಡಿದ ವ್ಯಕ್ತಿಯ ಅಥವಾ ತುಕಡಿಯ ಅಧೀನದಲ್ಲಲ್ಲ ಎಂಬುದು ಅದರ ತಾತ್ಪರ್ಯ. ಹಿಡಿದವನಿಗೆ ಕೋಪವಿರಬಹುದು, ಅವನ ಗೆಳೆಯ ಆಗಷ್ಟೇ ಸತ್ತಿರಬಹುದು. ಅವನ ಕೋಪಕ್ಕೆ ಕೈದಿಯನ್ನು ಬಿಡಬಾರದು, ಒಂದು ಸರ್ಕಾರವೇ ಹೊಣೆ ಹೊರಬೇಕು ಎಂಬ ಮುಂದಾಲೋಚನೆ ಅದರಲ್ಲಿದೆ. ತಪ್ಪಿಸಿಕೊಂಡು ಮತ್ತೆ ಸಿಕ್ಕಿದವನಿಗೆ ಶಿಸ್ತಿನ ಶಿಕ್ಷೆ ಮಾತ್ರ, ಅದೂ 30 ದಿನಕ್ಕೆ ಮೀರದ ಸೆರೆ ಎಂದು ಅದೇ ಒಪ್ಪಂದ ಹೇಳುತ್ತದೆ. ಓಡಲು ಯತ್ನಿಸುವುದು ಸೈನಿಕನ ಮಟ್ಟಿಗೆ ಅಪರಾಧವೆಂದು ಆಗ ಯಾರೂ ತಿಳಿದಿರಲಿಲ್ಲ.

ಸರ್ಕಾರದ ಹೊಣೆ ಎಂದು ಬರೆಯುವುದೇನೋ ಸುಲಭ. ಆದರೆ ಸರ್ಕಾರವೆಂದರೆ ಒಂದು ತಲೆ, ಎರಡು ಕೈ ಇರುವ ಪ್ರಾಣಿಯಲ್ಲವಲ್ಲ. ಅದರೊಳಗೆ ಇಲಾಖೆಗಳು, ಇಲಾಖೆಗೊಬ್ಬ ದೊಡ್ಡ ಮನುಷ್ಯ, ಒಬ್ಬರನ್ನು ಕಂಡರೆ ಒಬ್ಬರಿಗಾಗದ ಜಗಳ. ಹಿಟ್ಲರನ ಜರ್ಮನಿಯಲ್ಲಂತೂ ಇದು ಮಿತಿಮೀರಿತ್ತು. ಯುದ್ಧಕೈದಿಗಳ ಒಟ್ಟು ಮೇಲ್ವಿಚಾರಣೆ ಕೈಟೆಲ್ ಮುಖ್ಯಸ್ಥನಾಗಿದ್ದ ಸೇನಾ ಪ್ರಧಾನ ಕಚೇರಿಯದು. ಸೆರೆಸಿಕ್ಕ ವಿಮಾನ ಸೈನಿಕರ ಶಿಬಿರಗಳು ಮಾತ್ರ ಗೋರಿಂಗನ ವಾಯುಪಡೆಗೆ ಸೇರಿದ್ದವು. ತಂತಿಬೇಲಿಯಿಂದ ಹೊರಗೆ ಓಡಿದವರನ್ನು ಹುಡುಕುವ ಕೆಲಸ ಅಪರಾಧ ಪತ್ತೆ ಪೊಲೀಸರದು. ಇವರಿಗೆ ಕ್ರಿಪೊ ಎಂದು ಹೆಸರು. ಕ್ರಿಪೊ ಮತ್ತು ಗೆಸ್ಟಾಪೊ ಎರಡೂ ಹಿಮ್ಲರನ ಕೆಳಗೆ. ಹೀಗಾಗಿ ಬೇಲಿ ದಾಟಿದ ಕೈದಿ ಕಾಡಿಗೆ ಮಾತ್ರ ಕಾಲಿಡುತ್ತಿರಲಿಲ್ಲ, ತನಗೇ ತಿಳಿಯದಂತೆ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೂ ಕಾಲಿಡುತ್ತಿದ್ದ.

ಸಾಗನ್ ಈಗ ಪೋಲೆಂಡಿನಲ್ಲಿದೆ, ಝಾಗಾನ್ ಎಂದು ಕರೆಯುತ್ತಾರೆ. 1942ರಲ್ಲಿ ಶಿಬಿರ ತೆರೆಯುವಾಗ ವಾಯುಪಡೆ ಜಾಗವನ್ನು ಬಹಳ ಯೋಚಿಸಿ ಆರಿಸಿತ್ತು. ಮೇಲ್ಮಣ್ಣು ಬೂದುಬಣ್ಣ, ಕೆಳಗೆಲ್ಲ ಹಳದಿ ಮರಳು. ಯಾರಾದರೂ ಅಗೆದು ಮೇಲೆ ಚೆಲ್ಲಿದರೆ ದೂರದಿಂದಲೇ ಕಾಣಬೇಕು. ಸಡಿಲ ಮರಳಾದ್ದರಿಂದ ಆಧಾರವಿಲ್ಲದೆ ಸುರಂಗ ನಿಲ್ಲುವುದಿಲ್ಲ. ಮನೆಗಳನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕಂಬಗಳ ಮೇಲೆ ಕಟ್ಟಿದ್ದರು. ಕಾವಲುಗಾರ ಬಗ್ಗಿ ನೋಡಿದರೆ ಅಡಿಭಾಗ ಕಾಣುತ್ತಿತ್ತು. ನೆಲದ ಕಂಪನ ಹಿಡಿಯಲು ಬೇಲಿಯುದ್ದಕ್ಕೂ ಮೈಕ್ರೋಫೋನುಗಳನ್ನು ಹೂತಿದ್ದರು.

ಇಷ್ಟಾದರೂ ಕೈದಿಗಳು ಮೂರು ಸುರಂಗ ತೋಡಿದರು. ಟಾಮ್, ಡಿಕ್, ಹ್ಯಾರಿ ಎಂದು ಅವಕ್ಕೆ ಹೆಸರು. ಟಾಮ್ 1943ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿತ್ತು. ಹ್ಯಾರಿ ಮಾತ್ರ ಉಳಿದು ಬೆಳೆಯಿತು. 104ನೇ ಮನೆಯ ಒಲೆಯ ಕೆಳಗೆ ಅದರ ಬಾಯಿ. ಒಂಬತ್ತು ಮೀಟರ್ ಆಳಕ್ಕೆ ಇಳಿದದ್ದರಿಂದ ಮೈಕ್ರೋಫೋನುಗಳಿಗೆ ಸದ್ದು ಮುಟ್ಟಲಿಲ್ಲ. ಮಂಚದ ಹಲಗೆಗಳನ್ನೇ ಆಧಾರವಾಗಿ ಕೊಟ್ಟರು. ಸುಮಾರು ನಾಲ್ಕು ಸಾವಿರ ಹಲಗೆ ಮಾಯವಾಗಿದ್ದವೆಂದು ಜರ್ಮನ್ನರು ಆಮೇಲೆ ಎಣಿಸಿದರು. ರೆಡ್‌ಕ್ರಾಸ್ ಕಳಿಸುತ್ತಿದ್ದ ಹಾಲಿನ ಪುಡಿಯ ಡಬ್ಬಿಗಳ ತಳ ಕತ್ತರಿಸಿ, ಒಂದಕ್ಕೊಂದು ಜೋಡಿಸಿ ಗಾಳಿಯ ಕೊಳವೆ ಮಾಡಿದರು. ಕ್ಯಾನ್‌ವಾಸ್ ಚೀಲಗಳಿಂದ ಕಮ್ಮಾರನ ತಿದಿಯಂಥದನ್ನು ಹೊಲಿದು ಗಾಳಿ ಒತ್ತಿದರು. ಶಿಬಿರದ ವಿದ್ಯುತ್ ತಂತಿಯನ್ನೇ ಕದ್ದು ಒಳಗೆ ದೀಪ ಹಚ್ಚಿದರು. ಕೆನಡಾದ ಗಣಿಯಲ್ಲಿ ದುಡಿದಿದ್ದ ವಾಲಿ ಫ್ಲಡಿ ಇದಕ್ಕೆಲ್ಲ ಮೇಸ್ತ್ರಿ.

ಮರಳೆಷ್ಟು ಬಂದೀತು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಸುರಂಗದ ಉದ್ದ ನೂರು ಮೀಟರಿನ ಮೇಲೆ. ಅಗಲ, ಎತ್ತರ ತಲಾ 60 ಸೆಂಟಿಮೀಟರ್. ಒಟ್ಟು 36 ಘನ ಮೀಟರ್. ಒಂದು ಘನ ಮೀಟರ್ ಮರಳು ಒಂದೂವರೆ ಟನ್ನಿಗೆ ಕಡಿಮೆ ತೂಗುವುದಿಲ್ಲ. ಹಲಗೆಗೆ ಬಿಟ್ಟ ಜಾಗ, ಇಳಿಯುವ ಬಾವಿ ಬಿಟ್ಟೇ 50 ಟನ್ನಿನ ಮೇಲಾಯಿತು. ಇಷ್ಟನ್ನೂ ಕಾವಲುಗಾರರ ಕಣ್ಣೆದುರಿನಲ್ಲೇ ಸಾಗಿಸಬೇಕಿತ್ತು. ಷರಾಯಿಯ ಒಳಗೆ ಉದ್ದನೆಯ ಚೀಲ ಇಳಿಬಿಟ್ಟು, ನಡೆಯುತ್ತ ಸ್ವಲ್ಪಸ್ವಲ್ಪವಾಗಿ ಸುರಿಸಿ ಕಾಲಿನಿಂದ ತುಳಿದು ಬೆರೆಸುವುದು ಮೊದಲ ಉಪಾಯ. ಚಳಿಗಾಲದಲ್ಲಿ ಹಿಮ ಬಿದ್ದು ನೆಲವೆಲ್ಲ ಬೆಳ್ಳಗಾದಾಗ ಅದೂ ಸಾಗದೆ, ತಾವೇ ಕಟ್ಟಿಕೊಂಡಿದ್ದ ನಾಟಕಶಾಲೆಯ ಆಸನಗಳ ಕೆಳಗೆ ತುಂಬಿದರು.

ಈ ಎಲ್ಲದರ ಮುಂದಾಳು ರೋಜರ್ ಬುಶೆಲ್, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದವರು, ವೃತ್ತಿಯಿಂದ ಬ್ಯಾರಿಸ್ಟರ್. ಅವರು ಇದಕ್ಕೆ ಮೊದಲೂ ತಪ್ಪಿಸಿಕೊಂಡಿದ್ದರು. 1942ರಲ್ಲಿ ಪ್ರಾಗ್ ನಗರದಲ್ಲಿ ಸಿಕ್ಕಿಬಿದ್ದು ಗೆಸ್ಟಾಪೊದ ವಿಚಾರಣೆ ಎಂಥದೆಂದು ಕಂಡು ಬಂದಿದ್ದರು. ಇನ್ನೊಮ್ಮೆ ಕೈಗೆ ಸಿಕ್ಕರೆ ಗುಂಡು ಹಾಕುತ್ತೇವೆಂಬ ಎಚ್ಚರಿಕೆಯೂ ಸಿಕ್ಕಿತ್ತು. ಶಿಬಿರದ ಅಂದಿನ ಮುಖ್ಯಸ್ಥ ಕರ್ನಲ್ ಫಾನ್ ಲಿಂಡೈನರ್ ಹಳೆಯ ಕಾಲದ ಅಧಿಕಾರಿ, ಕೈದಿಗಳನ್ನು ಮರ್ಯಾದೆಯಿಂದ ನಡೆಸಿಕೊಳ್ಳುತ್ತಿದ್ದವನು. ಇನ್ನು ಮುಂದೆ ಓಡುವವರ ಗತಿ ನೆಟ್ಟಗಿರುವುದಿಲ್ಲ ಎಂದು ಅವನೂ ಕೈದಿಗಳ ಹಿರಿಯರಿಗೆ ಸೂಚನೆ ಕೊಟ್ಟಿದ್ದ. ಅವನ ಭಯಕ್ಕೆ ಕಾರಣವಿತ್ತು. 1944ರ ಮಾರ್ಚ್ 4ರಂದು ಒಂದು ಗುಪ್ತ ಆಜ್ಞೆ ಹೊರಟಿತ್ತು. ತಪ್ಪಿಸಿಕೊಂಡು ಮತ್ತೆ ಸಿಕ್ಕ ಅಧಿಕಾರಿಗಳನ್ನು, ಬ್ರಿಟಿಷ್ ಮತ್ತು ಅಮೆರಿಕನ್ನರನ್ನು ಬಿಟ್ಟು, ಪೊಲೀಸರಿಗೆ ಒಪ್ಪಿಸಬೇಕು. ಪೊಲೀಸರು ಅವರನ್ನು ಮೌಟ್‌ಹೌಸನ್ ಎಂಬ ಸಾವಿನ ಶಿಬಿರಕ್ಕೆ ಒಯ್ಯಬೇಕು. ಹೊರಗೆ ಮಾತ್ರ ಅವರು ಸಿಕ್ಕೇ ಇಲ್ಲವೆಂದು ಹೇಳಬೇಕು. 'ಗುಂಡಿನ ಆಜ್ಞೆ' ಎಂದೇ ಇದಕ್ಕೆ ಹೆಸರಾಯಿತು. ಆ ಆಜ್ಞೆಯ ಜೀವಾಳವೆಲ್ಲ ಸುಪರ್ದು ಬದಲಾಯಿಸುವುದರಲ್ಲೇ ಇತ್ತು. ಸೈನ್ಯದ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕಿದರೆ ಕೈದಿ ಯಾರ ಲೆಕ್ಕಕ್ಕೂ ಇಲ್ಲದವನಾದ.

ಮಾರ್ಚ್ 24ರ ರಾತ್ರಿ ಹ್ಯಾರಿಯ ಹೊರಬಾಯಿ ತೆರೆದು ನೋಡಿದರೆ ಲೆಕ್ಕ ತಪ್ಪಿತ್ತು. ಮರಗಳ ಸಾಲಿನವರೆಗೂ ಸುರಂಗ ಮುಟ್ಟಿರಲಿಲ್ಲ, ಬಯಲಿನಲ್ಲೇ ತೆರೆದುಕೊಂಡಿತ್ತು. ಕಾವಲುಗಾರ ಆಚೆ ತಿರುಗಿದಾಗ ಒಬ್ಬೊಬ್ಬರೇ ನುಸುಳಬೇಕಾಯಿತು. ನಡುವೆ ಬರ್ಲಿನ್ ಮೇಲೆ ಬಾಂಬ್ ದಾಳಿಯಾಗಿ ವಿದ್ಯುತ್ ನಿಂತು ಸುರಂಗದಲ್ಲಿ ಕತ್ತಲು ಕವಿಯಿತು. 200 ಜನ ಹೋಗಬೇಕಿತ್ತು, 76 ಜನ ಹೋದರು. 77ನೆಯವರು ಬೆಳಗಿನ ಜಾವ ಸಿಕ್ಕಿಬಿದ್ದರು. ಹೋದವರಲ್ಲಿ ಮೂವರು ಮಾತ್ರ ಕೊನೆಗೂ ಪಾರಾದರು: ನಾರ್ವೆಯ ಇಬ್ಬರು ಸ್ವೀಡನ್ನಿಗೆ, ಹಾಲೆಂಡಿನ ಒಬ್ಬರು ಸ್ಪೇನಿಗೆ. ಉಳಿದ 73 ಜನ ಹಿಮದಲ್ಲಿ, ರೈಲು ನಿಲ್ದಾಣಗಳಲ್ಲಿ, ರಸ್ತೆಯ ತಪಾಸಣೆಯಲ್ಲಿ ಸಿಕ್ಕಿದರು. ಹಿಡಿದವರು ಹೆಚ್ಚಾಗಿ ಸಾಮಾನ್ಯ ಪೊಲೀಸರು ಮತ್ತು ಕ್ರಿಪೊ. ಶಿಬಿರಕ್ಕೆ ಕಳಿಸುತ್ತಾರೆ, ಒಂದು ತಿಂಗಳು ಕತ್ತಲೆ ಕೋಣೆ ಎಂದು ಕೈದಿಗಳು ತಿಳಿದಿದ್ದರು.

ಅತ್ತ ಹಿಟ್ಲರನ ಮುಂದೆ ಗೋರಿಂಗ್, ಹಿಮ್ಲರ್, ಕೈಟೆಲ್ ಸೇರಿದ್ದರು. ನಿನ್ನ ಜನರಿಂದಲೇ ಇದಾದದ್ದು ಎಂದು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಕಾವಲು ಸರಿಯಿಲ್ಲವೆಂಬ ಆಪಾದನೆ ಕೈಟೆಲನ ಮೇಲೆ ಬಂತು. ದೇಶವಿಡೀ ಶೋಧಿಸಲು ತನ್ನ ಇಲಾಖೆಗೆ ಎಷ್ಟು ಜನ ಬೇಕಾಯಿತೆಂದು ಹಿಮ್ಲರ್ ದೂರಿದ. ಸಿಕ್ಕ ಎಲ್ಲರನ್ನೂ ಕೊಲ್ಲಬೇಕೆಂಬುದು ಹಿಟ್ಲರನ ಮೊದಲ ಮಾತು. ಬ್ರಿಟಿಷರ ಕೈಯಲ್ಲೂ ಜರ್ಮನ್ ಕೈದಿಗಳಿದ್ದಾರೆ ಎಂಬ ಅಳುಕಿನಿಂದ ಕೊನೆಗೆ ಸಂಖ್ಯೆ 50ಕ್ಕೆ ಇಳಿಯಿತು. ಸಂತೆಯ ಚೌಕಾಸಿಯಂತೆ ಜೀವಗಳ ಲೆಕ್ಕ ಕಡಿಮೆಯಾಯಿತು. ಆದರೆ ಯಾರು ಆ ಐವತ್ತು? ಕ್ರಿಪೊ ಮುಖ್ಯಸ್ಥ ಆರ್ಥರ್ ನೆಬೆ ತನ್ನ ಮೇಜಿನ ಮೇಲೆ ಕೈದಿಗಳ ಕಾರ್ಡುಗಳನ್ನು ಇಟ್ಟುಕೊಂಡು ಎರಡು ಗುಂಪು ಮಾಡಿದ. ಮುಂದಿನ ವರ್ಷ ಇದೇ ನೆಬೆ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ್ದನೆಂದು ಗಲ್ಲಿಗೇರಿದ, ಅಂಥ ಕಾಲವದು.

ನಂತರದ ಕೆಲಸ ಕಾಗದದ ಮೇಲೆ ಅಚ್ಚುಕಟ್ಟಾಗಿ ನಡೆಯಿತು. ಕ್ರಿಪೊದ ಜೈಲುಗಳಿಗೆ ಗೆಸ್ಟಾಪೊ ಬಂದು ಹೆಸರು ಕರೆದು ಒಬ್ಬಿಬ್ಬರನ್ನೇ ಕಾರಿನಲ್ಲಿ ಕರೆದೊಯ್ಯುತ್ತಿತ್ತು. ದಾರಿಯಲ್ಲಿ ಕಾರು ನಿಲ್ಲಿಸಿ, ಮೂತ್ರಕ್ಕೆಂದು ಇಳಿಸಿ, ಹಿಂದಿನಿಂದ ಗುಂಡು. ಬುಶೆಲ್ ಮಾರ್ಚ್ 29ರಂದು ಹೀಗೆಯೇ ಸತ್ತರು. ದೇಹ ಸುಟ್ಟು ಬೂದಿಯನ್ನು ಕುಡಿಕೆಗಳಲ್ಲಿ ತುಂಬಿ ಶಿಬಿರಕ್ಕೆ ಕಳಿಸಿದರು. ಕುಡಿಕೆಗಳ ಮೇಲೆ ಸುಟ್ಟ ಊರಿನ ಹೆಸರಿತ್ತು. ಬೇರೆಬೇರೆ ಊರುಗಳ ಹೆಸರುಗಳನ್ನು ಓದಿದ ಕೈದಿಗಳಿಗೆ ಮ್ಯಾಸಿಯವರ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಂತಾಯಿತು. 1963ರ 'ದಿ ಗ್ರೇಟ್ ಎಸ್ಕೇಪ್' ಚಿತ್ರದಲ್ಲಿ ಎಲ್ಲರನ್ನೂ ಒಂದೇ ಬಯಲಿನಲ್ಲಿ ಇಳಿಸಿ ಮೆಷಿನ್‌ಗನ್ನಿನಿಂದ ಕೊಲ್ಲುವಂತೆ ತೋರಿಸಿದ್ದಾರೆ. ಮೋಟಾರ್ ಸೈಕಲ್ ಬೇಲಿ ಹಾರುವ ದೃಶ್ಯವನ್ನು ಹುಡುಗರು ಮರೆಯುವುದಿಲ್ಲ, ಅಂಥದೊಂದು ನಡೆದೇ ಇರಲಿಲ್ಲ. ಆದರೆ ಮೋಟಾರ್ ಸೈಕಲ್ಲಿಗಿಂತ ದೊಡ್ಡ ತಪ್ಪು ಆ ಬಯಲು. ಒಂದೇ ಕಡೆ ಐವತ್ತು ಜನರನ್ನು ಕೊಲ್ಲಲು ಆಜ್ಞೆ ಕೊಡುವುದು ಕಷ್ಟ. ಹತ್ತಾರು ಊರುಗಳ ಕಚೇರಿಗಳಿಗೆ ಇಬ್ಬರು ಮೂವರಂತೆ ಹಂಚಿದರೆ ಪ್ರತಿಯೊಬ್ಬನಿಗೂ ತನ್ನ ಪಾಲು ಚಿಕ್ಕದಾಗಿಯೇ ಕಾಣುತ್ತದೆ.

ಫಾನ್ ಲಿಂಡೈನರ್ ಗತಿಯೇನಾಯಿತು? ಕೈದಿಗಳು ಓಡಿದ್ದಕ್ಕೆ ಅವನ ಸೈನ್ಯವೇ ಅವನ ಮೇಲೆ ಕೋರ್ಟ್ ಮಾರ್ಷಲ್ ನಡೆಸಿತು.

ಈಗ ಇದೇ ಇಲಾಖಾ ಜಗಳದ ಇನ್ನೊಂದು ಮುಖ. ಅದೇ ವರ್ಷ ಫ್ರಾನ್ಸಿನಲ್ಲಿ ವಿಮಾನ ಉರುಳಿ ಬಿದ್ದು, ಸ್ಥಳೀಯರ ನೆರವಿನಿಂದ ಸಾಮಾನ್ಯ ಉಡುಪಿನಲ್ಲಿ ಅಡಗಿದ್ದ 168 ವಿಮಾನ ಸೈನಿಕರು ಗೆಸ್ಟಾಪೊ ಕೈಗೆ ಬಿದ್ದರು. ಅಮೆರಿಕನ್ನರು 82, ಬ್ರಿಟಿಷರು 48, ಕೆನಡಾದವರು 26, ಆಸ್ಟ್ರೇಲಿಯದವರು 9, ನ್ಯೂಜಿಲೆಂಡಿನವರು 2, ಜಮೈಕಾದವರು ಒಬ್ಬರು. ಇವರು ಯುದ್ಧಕೈದಿಗಳಲ್ಲ, 'ಭಯೋತ್ಪಾದಕ ವೈಮಾನಿಕರು' ಎಂದು ಗೆಸ್ಟಾಪೊ ಹೆಸರಿಟ್ಟಿತು. ಪ್ಯಾರಿಸ್ ಕೈತಪ್ಪುವ ಮುನ್ನ ರೈಲಿನಲ್ಲಿ ತುಂಬಿ, ಆಗಸ್ಟ್ 20ರಂದು ಬುಖೆನ್ವಾಲ್ಡ್ ಎಂಬ ಯಾತನಾ ಶಿಬಿರಕ್ಕೆ ತಂದಿತು. ತಲೆ ಬೋಳಿಸಿದರು. ಕಲ್ಲುನೆಲದ ಮೇಲೆ ಬಯಲಲ್ಲೇ ವಾರಗಟ್ಟಲೆ ಮಲಗಿಸಿದರು. ಅವರ ಹಿರಿಯ ಅಧಿಕಾರಿ, ನ್ಯೂಜಿಲೆಂಡಿನ ಸ್ಕ್ವಾಡ್ರನ್ ಲೀಡರ್ ಫಿಲ್ ಲ್ಯಾಮಸನ್ ಒಂದು ಹಟ ಹಿಡಿದರು: ಏನೇ ಆಗಲಿ, ಸೈನಿಕರಂತೆಯೇ ಇರಬೇಕು. ಹರಿದ ಬಟ್ಟೆಯಲ್ಲೇ ಸಾಲಾಗಿ ನಿಂತರು, ಹೆಜ್ಜೆ ಹಾಕಿ ನಡೆದರು. ಶಸ್ತ್ರಾಸ್ತ್ರ ತಯಾರಿಕೆಯ ಕೆಲಸ ಮಾಡುವುದಿಲ್ಲವೆಂದು ಲ್ಯಾಮಸನ್ ಮುಖದ ಮೇಲೆ ಹೊಡೆದಂತೆ ಹೇಳಿದರು. ಗುಟ್ಟಾಗಿ ಹತ್ತಿರದ ಲುಫ್ಟ್‌ವಾಫೆ ವಿಮಾನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಿದರು. ಶತ್ರುವಿನ ಒಂದು ಇಲಾಖೆಯಿಂದ ಪಾರಾಗಲು ಶತ್ರುವಿನ ಇನ್ನೊಂದು ಇಲಾಖೆಗೆ ಮೊರೆಹೋದ ಜಾಣತನ ಇದು.

ಲುಫ್ಟ್‌ವಾಫೆಯ ಹೆಸರಾಂತ ವಿಮಾನಚಾಲಕ ಹಾನ್ಸ್ ಟ್ರೌಟ್‌ಲೋಫ್ಟ್, ಬಾಂಬ್ ದಾಳಿಯ ಹಾನಿ ನೋಡುವ ನೆಪ ಮಾಡಿಕೊಂಡು ಬುಖೆನ್ವಾಲ್ಡಿಗೆ ಬಂದ. ಬೇಲಿಯ ಆಚೆಯಿಂದ ಒಬ್ಬ ಅಮೆರಿಕನ್ ಜರ್ಮನ್ ಭಾಷೆಯಲ್ಲಿ ಕೂಗಿದರು. ಎಸ್.ಎಸ್. ಕಾವಲುಗಾರರು ಅಡ್ಡಬಂದರು, ಟ್ರೌಟ್‌ಲೋಫ್ಟ್ ತನ್ನ ಹುದ್ದೆಯ ಬಲದಿಂದ ಅವರನ್ನು ಸರಿಸಿ ಮಾತಾಡಿಸಿದ. ಹಿಂದಿರುಗಿ, ನಮ್ಮ ಇಲಾಖೆಗೆ ಬರಬೇಕಾದ ಕೈದಿಗಳು ಅಲ್ಲಿದ್ದಾರೆ ಎಂದು ಮೇಲಿನವರಿಗೆ ತಿಳಿಸಿದ. ಅಕ್ಟೋಬರ್ 19ರಂದು 156 ಜನರನ್ನು ಅಲ್ಲಿಂದ ಬಿಡಿಸಿ ಕರೆದೊಯ್ದರು. ಅಷ್ಟರಲ್ಲಿ ಇಬ್ಬರು ಸತ್ತಿದ್ದರು; ಕಾಯಿಲೆ ಬಿದ್ದಿದ್ದ ಹತ್ತು ಜನ ಆಮೇಲೆ ಬಂದರು. ಇನ್ನೊಂದು ವಾರ ಕಳೆದರೆ ತಮ್ಮೆಲ್ಲರ ಕೊಲೆಗೆ ಆಜ್ಞೆಯಾಗಿದೆ ಎಂಬ ಸುದ್ದಿ ಲ್ಯಾಮಸನ್ನರಿಗೆ ಮೊದಲೇ ತಿಳಿದಿತ್ತು, ಅವರು ಅದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಈ 156 ಜನರನ್ನು ಎಲ್ಲಿಗೆ ಒಯ್ದರು ಗೊತ್ತೆ? ಅದೇ ಸಾಗನ್ ಶಿಬಿರಕ್ಕೆ. ಏಳು ತಿಂಗಳ ಹಿಂದೆ ಯಾವ ಬೇಲಿಯಿಂದ ಹೊರಗೆ ಕಾಲಿಟ್ಟದ್ದೇ ಐವತ್ತು ಜನರ ಸಾವಿಗೆ ಕಾರಣವಾಯಿತೋ, ಅದೇ ಬೇಲಿಯ ಒಳಗೆ ಬಂದದ್ದೇ ಇವರಿಗೆ ಜೀವದಾನವಾಯಿತು.

ಹಾಗೆಂದು ಜರ್ಮನ್ ಸೈನ್ಯ ಒಳ್ಳೆಯದು, ಪೊಲೀಸರು ಮಾತ್ರ ಕೆಟ್ಟವರು ಎಂದು ತೀರ್ಮಾನಿಸುವಂತಿಲ್ಲ. ಅದೇ ಸೈನ್ಯದ ಸುಪರ್ದಿನಲ್ಲಿ ಸೋವಿಯತ್ ಯುದ್ಧಕೈದಿಗಳು ಹಸಿವು, ಚಳಿ, ಗುಂಡಿನಿಂದ ಸುಮಾರು 30 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸತ್ತರು. ಸೋವಿಯತ್ ಒಕ್ಕೂಟ ಜಿನೀವಾ ಒಪ್ಪಂದಕ್ಕೆ ಸೇರಿಲ್ಲವೆಂಬುದು ಜರ್ಮನಿ ಕೊಟ್ಟ ನೆಪ. ಬ್ರಿಟಿಷ್ ಕೈದಿಯನ್ನು ಕಾಪಾಡಿದ್ದು ಕಾವಲುಗಾರನ ಕರುಣೆಗಿಂತ ಹೆಚ್ಚಾಗಿ ರೆಡ್‌ಕ್ರಾಸಿನ ಪಟ್ಟಿಯಲ್ಲಿದ್ದ ಅವನ ಹೆಸರು, ಶಿಬಿರ ನೋಡಲು ಬರುತ್ತಿದ್ದ ಸ್ವಿಟ್ಜರ್ಲೆಂಡಿನ ಪ್ರತಿನಿಧಿ, ಮತ್ತು ಅತ್ತ ಕಡೆಯೂ ಇದ್ದ ಜರ್ಮನ್ ಕೈದಿಗಳು. ಸೋವಿಯತ್ ಸೈನಿಕನಿಗೆ ಪಟ್ಟಿಯೂ ಇರಲಿಲ್ಲ, ಪ್ರತಿನಿಧಿಯೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆಯ ತನಿಖಾ ದಳ ಐವತ್ತು ಕೊಲೆಗಳ ಬೆನ್ನು ಹತ್ತಿತು. ಬ್ಲ್ಯಾಕ್‌ಪೂಲ್ ಊರಿನಲ್ಲಿ ಪೊಲೀಸರಾಗಿದ್ದ ಫ್ರಾನ್ಸಿಸ್ ಮೆಕೆನ್ನಾ ಅದರ ಪ್ರಮುಖರು. ಹ್ಯಾಂಬರ್ಗಿನಲ್ಲಿ 1947ರ ಜುಲೈಯಿಂದ ಸೆಪ್ಟೆಂಬರಿನವರೆಗೆ 18 ಜನರ ವಿಚಾರಣೆ ನಡೆಯಿತು. ಮೇಲಿನಿಂದ ಆಜ್ಞೆ ಬಂತು, ನಾವು ಪಾಲಿಸಿದೆವು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. 14 ಮಂದಿಗೆ ಮರಣದಂಡನೆಯಾಗಿ, 1948ರ ಫೆಬ್ರವರಿಯಲ್ಲಿ 13 ಮಂದಿ ಗಲ್ಲಿಗೇರಿದರು. ನ್ಯೂರೆಂಬರ್ಗಿನ ದೊಡ್ಡ ವಿಚಾರಣೆಯಲ್ಲಿ ಗೋರಿಂಗ್ ತಾನು ಆಗ ರಜೆಯಲ್ಲಿದ್ದೆನೆಂದ. ಹಿಮ್ಲರ್ ಅಷ್ಟರಲ್ಲಿ ವಿಷ ಕುಡಿದು ಸತ್ತಿದ್ದ.

1949ರಲ್ಲಿ ಜಿನೀವಾ ಒಪ್ಪಂದವನ್ನು ಹೊಸದಾಗಿ ಬರೆದಾಗ, ಕೈದಿ ಸರ್ಕಾರದ ಹೊಣೆ, ಹಿಡಿದವರದಲ್ಲ ಎಂಬ ಮಾತನ್ನು 12ನೇ ವಿಧಿಯಲ್ಲಿ ಉಳಿಸಿಕೊಂಡರು. ಭಾರತ, ಪಾಕಿಸ್ತಾನಗಳೆರಡೂ ಅದಕ್ಕೆ ಸೇರಿವೆ. 1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಹಿಂದೆ ಜೊತೆಯಲ್ಲಿ ಸೇವೆ ಸಲ್ಲಿಸಿದ್ದ ಅಯೂಬ್ ಖಾನ್ ವಿಶೇಷವಾಗಿ ನೋಡಿಕೊಳ್ಳುವ ಮಾತಾಡಿದ್ದು, ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ ಎಂದು ತಂದೆ ಅದನ್ನು ಬೇಡವೆಂದದ್ದು ಕೊಡಗಿನಲ್ಲಿ ಮನೆಮಾತು. ಕೈದಿ ಯಾವ ದೊಡ್ಡ ಮನುಷ್ಯನ ಮನೆಯ ಅತಿಥಿಯೂ ಅಲ್ಲವೆಂಬುದನ್ನು ಕಾರ್ಯಪ್ಪನವರಿಗೆ ಯಾರೂ ವಿಧಿ ಓದಿ ಹೇಳಬೇಕಾಗಿರಲಿಲ್ಲ.

1971ರ ಯುದ್ಧದ ನಂತರದ ಒಂದು ಪ್ರಸಂಗವಂತೂ ಸಾಗನ್ನಿನ ಕಥೆಯನ್ನು ನೆನಪಿಗೆ ತರುತ್ತದೆ. ರಾವಲ್ಪಿಂಡಿಯ ಶಿಬಿರದಲ್ಲಿದ್ದ ನಮ್ಮ ವಾಯುಪಡೆಯ ದಿಲೀಪ್ ಪಾರುಲ್ಕರ್, ಎಂ.ಎಸ್. ಗ್ರೇವಾಲ್, ಹರೀಶ್ ಸಿನ್ಹಜಿ 1972ರ ಆಗಸ್ಟ್ ತಿಂಗಳ ಒಂದು ರಾತ್ರಿ ಗೋಡೆ ಕೊರೆದು ಹೊರಬಿದ್ದರು. ಬಸ್ಸು ಹಿಡಿದು ಪೆಷಾವರ್, ಅಲ್ಲಿಂದ ಖೈಬರ್ ಕಣಿವೆಯ ಲಂಡಿಕೋಟಲ್‌ವರೆಗೂ ಬಂದರು. ಅಫ್ಘಾನಿಸ್ತಾನದ ಗಡಿ ಕೆಲವೇ ಮೈಲಿ. ಲಂಡಿಖಾನಾ ರೈಲು ನಿಲ್ದಾಣಕ್ಕೆ ದಾರಿ ಯಾವುದೆಂದು ಕೇಳಿದ್ದೇ ಮುಳುವಾಯಿತು. ಅವರ ನಕ್ಷೆಯಲ್ಲಿದ್ದ ಆ ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಜನ ಅನುಮಾನಪಟ್ಟು ಅವರನ್ನು ತಹಸೀಲ್ದಾರನ ಕಚೇರಿಗೆ ಒಯ್ದರು.

ಬುಡಕಟ್ಟು ಜನರ ಆ ಸೀಮೆಯಲ್ಲಿ ಬಂದೂಕಿಲ್ಲದ ಮನೆಯಿಲ್ಲ. ಅಲ್ಲಿನ ಆಡಳಿತವೇ ಬೇರೆ, ವಾಯುಪಡೆಯ ಶಿಬಿರಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರಿಲ್ಲದ ಮೂವರು ಗೂಢಚಾರರೆಂದು ಅಲ್ಲೇ ಮುಗಿಸಿದ್ದರೆ ಕೇಳುವವರಿರಲಿಲ್ಲ. ಪಾರುಲ್ಕರ್ ಅವರಿಗೆ ಆಗ ಒಂದು ಹೆಸರು ಹೊಳೆಯಿತು: ಸ್ಕ್ವಾಡ್ರನ್ ಲೀಡರ್ ಉಸ್ಮಾನ್ ಹಮೀದ್. ಮೊದಲು ಶಿಬಿರದ ಮುಖ್ಯಸ್ಥರಾಗಿದ್ದು, ಕೈದಿಗಳನ್ನು ಸಜ್ಜನಿಕೆಯಿಂದ ನಡೆಸಿಕೊಂಡಿದ್ದ ಅವರು ಆಗ ಪಾಕಿಸ್ತಾನದ ವಾಯುಪಡೆ ಮುಖ್ಯಸ್ಥರ ಎ.ಡಿ.ಸಿ. ಆಗಿದ್ದರು. ಅವರಿಗೆ ಫೋನು ಮಾಡಿಸಿ ಎಂದು ಪಾರುಲ್ಕರ್ ತಹಸೀಲ್ದಾರನನ್ನು ಕೇಳಿಕೊಂಡರು. ಫೋನು ಹೋಯಿತು. ಇವರು ನಮ್ಮ ಕೈದಿಗಳು, ಕೈಮುಟ್ಟದೆ ಜೋಪಾನವಾಗಿ ಇಟ್ಟುಕೊಳ್ಳಿ ಎಂಬ ಮಾತು ಅತ್ತಲಿಂದ ಬಂತು. ಮೂವರೂ ಜೀವಂತವಾಗಿ ರಾವಲ್ಪಿಂಡಿಗೆ ಮರಳಿ, ಓಡಿದ ತಪ್ಪಿಗೆ ಒಂಟಿ ಕೋಣೆಯ ಸೆರೆ ಅನುಭವಿಸಿ, ಉಳಿದ ಸಂಗಾತಿಗಳೊಡನೆ 1972ರ ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ಭಾರತದ ನೆಲದ ಮೇಲೆ ಕಾಲಿಟ್ಟರು.